ಕೆಳಮೂಲೆಯ ಮಂಜು

ಹಂಗೇರಿ ದೇಶದಲ್ಲಿ ತಿಸಾ ಅಂತ ಒಂದು ಹೊಳೆ. ಅದರ ದಂಡೆಯ ಮೇಲೆ ಬೆರ್ತಾಲನ್ ಮೇಷ್ಟ್ರು ಒಬ್ಬರೇ ಇದ್ದರು.

ಒಂದು ಕಾಲಕ್ಕೆ ಸಿನಿಮಾ ಮಾಡಿದವರು. ಮೊದಲನೆಯದನ್ನು ಊರೆಲ್ಲ ಹೊಗಳಿತ್ತು. ಎರಡನೆಯದು ಹೊರದೇಶದಿಂದ ಪದಕ ತಂದಿತ್ತು. ಮೂರನೆಯದನ್ನು ಸ್ಟುಡಿಯೋದವರು ಡಬ್ಬಿಗೆ ಹಾಕಿ ಉಗ್ರಾಣಕ್ಕೆ ತಳ್ಳಿದರು. ನಾಲ್ಕನೆಯದು ಅಂತ ಹುಟ್ಟಲೇ ಇಲ್ಲ.

ಆಮೇಲೆ ಹುಡುಗರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿ ಹೊಟ್ಟೆ ಹೊರೆದರು. ಆ ಹುಡುಗರಲ್ಲಿ ಆಲ್ಮೋಶ್ ಒಬ್ಬ. ಈಗ ಅವನ ತಲೆಯೂ ನರೆತಿದೆ.

ಚಳಿಗಾಲದ ಒಂದು ಮಧ್ಯಾಹ್ನ ಆಲ್ಮೋಶ್ ಬಂದು ಬಾಗಿಲು ತಟ್ಟಿದ.

“ಮೇಷ್ಟ್ರೇ, ನಿಮ್ಮ ಮೂರನೇ ಚಿತ್ರ, ಆ ಹೊಳೆಯದು, ಉಗ್ರಾಣದಲ್ಲಿ ಸಿಕ್ಕಿತು. ಡಬ್ಬಿ ತೆಗೆದರೆ ಹುಳಿ ವಾಸನೆ ಹೊಡೀತಿತ್ತು. ಕೂತು ರೀಲಿನ ಒಂದೊಂದೇ ಚೌಕ ಸರಿಮಾಡಿದೆ. ಗೀರು, ಬೂಷ್ಟು, ಕಲೆ, ಏನೂ ಉಳಿಸಿಲ್ಲ.”

“ನೀನು ಮೊದಲಿಂದಲೂ ಹಾಗೇ ಅಲ್ವೇನೋ. ಊಟದ ತಟ್ಟೆಯನ್ನೂ ತೊಳೆದಿಟ್ಟ ಹಾಗೆ ನೆಕ್ಕಿ ಇಡ್ತಿದ್ದೆ.”

ಆಲ್ಮೋಶ್ ನಕ್ಕ. ಚಿತ್ರ ಪಟ್ಟಣದಲ್ಲಿ ಮೊದಲ ಸಲ ತೆರೆ ಕಾಣುವುದಿತ್ತು. ಅದಕ್ಕೆ ಮೊದಲು ‘ಹೌದು, ಇದು ನನ್ನ ಚಿತ್ರವೇ’ ಅಂತ ಮೇಷ್ಟ್ರ ಬಾಯಿಂದ ಒಂದು ಮಾತು ಬರಬೇಕು. ಆ ಒಂದು ಮಾತಿಗೋಸ್ಕರ ಅವನು ಕಣ್ಣು ಸವೆಸಿಕೊಂಡಿದ್ದ.

ಕಿಟಕಿಯ ಪರದೆ ಎಳೆದು, ತಾನು ತಂದಿದ್ದ ಯಂತ್ರದಿಂದ ಅಡುಗೆಮನೆಯ ಬಿಳಿ ಗೋಡೆಯ ಮೇಲೆ ಚಿತ್ರ ಬಿಟ್ಟ.

ಮೇಷ್ಟ್ರು ಅಲುಗಾಡದೆ ನೋಡಿದರು. ಕೊನೆಯ ದೃಶ್ಯ ಬಂತು. ದಂಡೆಯಲ್ಲಿ ಕರಿ ಬಟ್ಟೆಯ ಹೆಂಗಸೊಬ್ಬಳು ಕಾಯುತ್ತಿದ್ದಾಳೆ. ಆಚೆ ದಡದಿಂದ ಖಾಲಿ ದೋಣಿ ಮೆಲ್ಲಗೆ ಬರುತ್ತಿದೆ. ನೀರು ಕನ್ನಡಿಯ ಹಾಗೆ ತಿಳಿಯಾಗಿದೆ.

ಮೇಷ್ಟ್ರು ಎದ್ದರು. ಗೋಡೆಯ ಹತ್ತಿರ ಹೋಗಿ ಚಿತ್ರದ ಕೆಳಮೂಲೆಯ ಮೇಲೆ ಅಂಗೈ ಇಟ್ಟರು.

“ಇಲ್ಲೊಂದು ಮಂಜು ಇತ್ತು.”

“ಇತ್ತು ಮೇಷ್ಟ್ರೇ! ಬಿಳಿ ಹೊಗೆ ಥರ ಬಂದು ಬಂದು ಹೋಗ್ತಿತ್ತು. ಅದನ್ನ ತೆಗೆಯೋಕೆ ಜೀವ ಬಾಯಿಗೆ ಬಂತು ನೋಡಿ.”

“ಅದು ಎತೆಲ್ಕಾ.”

ಎತೆಲ್ಕಾ ಮೇಷ್ಟ್ರ ಹೆಂಡತಿ. ಕ್ಯಾಮೆರಾ ಕೆಳಗೆ ಮುದುರಿ ಕೂತು ಫೋಕಸ್ ತಿರುಗಿಸುತ್ತಿದ್ದವಳು. ಆಲ್ಮೋಶ್ ಅವಳನ್ನು ನೋಡಿದ್ದು ಒಲೆಯ ಮೇಲಿನ ಫೋಟೋದಲ್ಲಿ ಮಾತ್ರ.

“ಚಳಿ ಇದೆ, ಎಲ್ಲರೂ ಉಸಿರು ಬಿಗಿಹಿಡೀರಿ ಅಂದಿದ್ದೆ. ಅವಳ ಶ್ವಾಸಕೋಶ ಆಗಲೇ ಕೆಟ್ಟಿತ್ತು. ಹಿಡಿಯೋಕೆ ಆಗಲಿಲ್ಲ. ದೋಣಿ ದಡ ಮುಟ್ಟೋ ತನಕ ಅವಳ ಉಸಿರು ಈ ಮೂಲೆಯಲ್ಲಿ ಆಡ್ತಾ ಇತ್ತು. ಹೊಳೆ ಹೆಪ್ಪುಗಟ್ಟೋ ಹೊತ್ತಿಗೆ ಅವಳು ಇರಲಿಲ್ಲ.”

ಆಲ್ಮೋಶ್ ಯಂತ್ರ ಆರಿಸಿದ. ಗೋಡೆ ಬರೀ ಗೋಡೆಯಾಯಿತು.

“ಸರ್ಕಾರ ನಿಮ್ಮ ಚಿತ್ರಕ್ಕೆ ಹೆದರಿ ಉಗ್ರಾಣಕ್ಕೆ ತಳ್ಳಿಸಿತು ಅಂತ ನಾವು ಹುಡುಗರೆಲ್ಲ ಅಂದ್ಕೊಂಡಿದ್ವಿ.”

“ಹೆದರೋಕೆ ಅದರಲ್ಲಿ ಏನಿದೆ ಮಾರಾಯ? ಮೂಲೆಯಲ್ಲಿ ಮಂಜು ಕೂತು ಹೊಳೆ ಕೆಟ್ಟಿದೆ, ಇನ್ನೊಂದ್ಸಲ ತೆಗೆದು ತಾ ಅಂದರು ಸ್ಟುಡಿಯೋದವರು. ಆಗಲ್ಲ ಅಂದೆ. ಆಮೇಲೆ ನನ್ನ ಕೈಗೆ ಕ್ಯಾಮೆರಾ ಕೊಡಲಿಲ್ಲ.”

ಸ್ಟುಡಿಯೋದವರು ಬೆದರಿಸಿಯೂ ಮಾಡಿಸಲಾರದ್ದನ್ನು ಆಲ್ಮೋಶ್ ಪ್ರೀತಿಯಿಂದ ಮಾಡಿ ಮುಗಿಸಿದ್ದ.

“ಮೂಲ ರೀಲು ಹಾಗೇ ಇದೆ, ಮೇಷ್ಟ್ರೇ. ಆ ಮಂಜನ್ನ ವಾಪಸ್ ಹಾಕಬಹುದು.”

ಮೇಷ್ಟ್ರು ಗೋಡೆಯಿಂದ ಅಂಗೈ ತೆಗೆದರು.

“ಆದರೆ...” ಆಲ್ಮೋಶ್ ತಡವರಿಸಿದ. “ನೋಡೋ ಜನಕ್ಕೆ ಇದೆಲ್ಲ ಏನು ಗೊತ್ತಾಗುತ್ತೆ? ಕೆಲಸ ಅರ್ಧಕ್ಕೆ ಬಿಟ್ಟಿದ್ದಾನೆ ಅಂತಾರೆ. ಅಷ್ಟು ಚೆಂದದ ಹೊಳೆ ಕೆಟ್ಟುಹೋಗುತ್ತಲ್ಲ, ಮೇಷ್ಟ್ರೇ.”

ಮೇಷ್ಟ್ರು ಗೂಟದ ಮೇಲಿನ ಕೋಟು ತೆಗೆದು ಹಾಕಿಕೊಂಡರು.

“ಬಾ.”

ಇಬ್ಬರೂ ದಂಡೆಗೆ ಇಳಿದರು. ಆಕಾಶ ಸೀಸದ ಬಣ್ಣಕ್ಕಿತ್ತು. ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

“ಹೊಳೆ ನೋಡ್ತಾ ಇರು. ಉಸಿರು ಬಿಗಿಹಿಡಿ.”

ಆಲ್ಮೋಶ್ ಹಿಡಿದ. ಬೂದು ನೀರು, ಆಚೆ ದಡ, ಎಲೆ ಉದುರಿದ ಮರಗಳು, ಎಲ್ಲ ನಿಚ್ಚಳವಾಗಿ ಕಂಡವು. ಎದೆ ಬಿಗಿಯಿತು. ಕಿವಿಯಲ್ಲಿ ಗುಂಯ್ ಅಂತು. ಬಿಡಲೇ ಅಂತ ಮೇಷ್ಟ್ರ ಕಡೆ ತಿರುಗಿದ. ಅವರ ಕಣ್ಣು ನೀರಿನ ಮೇಲೇ ಇತ್ತು.

ಮತ್ತೆ ಹೊಳೆಯ ಕಡೆ ನೋಡಿದ. ಇನ್ನು ಆಗಲಿಲ್ಲ. ಉಸಿರು ಒಮ್ಮೆಲೇ ಹೊರಬಿತ್ತು. ಬೆಳ್ಳಗೆ ಎದ್ದು ನೀರನ್ನೂ ಮರಗಳನ್ನೂ ಮುಚ್ಚಿತು. ಮೆಲ್ಲಗೆ ತೆಳುವಾಗುತ್ತ ಹೋಯಿತು.

ಮೇಷ್ಟ್ರು ಕೇಳಿದರು:

“ಕೆಟ್ಟುಹೋಯ್ತಾ, ಹೊಳೆ?”