ಎತ್ತಿ ನೋಡಿ ಕೊಂಡ ಬ್ಯಾಟರಿ

ಶಿಷ್ಯ ಕೇಳಿದ: "ಬುದ್ಧೀ, ಮಠದ ತಾರಸಿಗೆ ಸೋಲಾರ್ ಹಾಕಿಸಿ ಮೂರು ತಿಂಗಳಾಯಿತು. ಹಗಲಿನ ಕರೆಂಟು ಸಂಜೆಗೆ ಉಳಿಯಬೇಕಾದರೆ ಬ್ಯಾಟರಿ ಬೇಕು. ಸೀಸದ್ದು ತರಲೋ, ಲಿಥಿಯಂ ತರಲೋ? ಎರಡರಲ್ಲಿ ಶ್ರೇಷ್ಠ ಯಾವುದು, ಹೇಳಿಬಿಡಿ."

ಗುರು ಹೇಳಿದರು: "ಇದು ನಾನು ಕಣ್ಣಾರೆ ಕಂಡ ಕತೆ. ಅದು ನಡೆದ ದಿನ ನಾನು ಆ ಊರಲ್ಲಿರಲಿಲ್ಲ, ಆ ಮಾತು ಬೇರೆ.

"ಒಬ್ಬ ರೈತನಿದ್ದ. ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆ ತಂದು, ಅದರಲ್ಲಿ ಇನ್ನೂರು ಕೋಳಿಮೊಟ್ಟೆ ಜೋಡಿಸಿದ. ಇಪ್ಪತ್ತೊಂದು ದಿನ ಕಾವು ತಪ್ಪುವಂತಿಲ್ಲ. ತಪ್ಪಿದರೆ ಮರಿಯಿಲ್ಲ. ಅವನ ಊರಿನ ಕರೆಂಟೋ, ಬಂದರೆ ಬಂತು, ಹೋದರೆ ಹೋಯಿತು. ಮನೆಯಲ್ಲಿ ಸೋಲಾರ್ ಇತ್ತು, ಇನ್ವರ್ಟರ್ ಇತ್ತು. ಬ್ಯಾಟರಿ ಇರಲಿಲ್ಲ.

"ಒಬ್ಬ ವ್ಯಾಪಾರಿ ಎರಡು ಬ್ಯಾಟರಿ ತಂದಿಳಿಸಿದ. 'ಇದು ಸೀಸದ್ದು. ಅಗ್ಗ. ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕು, ನಾಲ್ಕೈದು ವರ್ಷ ಬಾಳುತ್ತದೆ. ಇದು ಲಿಥಿಯಂ. ದುಬಾರಿ. ಬೇಗ ತುಂಬುತ್ತದೆ, ನೀರು ಕೇಳುವುದಿಲ್ಲ, ಹತ್ತು ವರ್ಷ ಬಾಳುತ್ತದೆ' ಎಂದ.

"ರೈತ ಇದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಂಬಳಕಾಯಿ ಕೊಳ್ಳುವವನ ಹಾಗೆ ಎರಡನ್ನೂ ಎತ್ತಿ ನೋಡಿದ. ಸೀಸದ್ದು ನೆಲ ಬಿಡಲಿಲ್ಲ, ಸೊಂಟ ಹಿಡಿಯಿತು. ಲಿಥಿಯಂ ಕಂಕುಳಿಗೆ ಬಂತು. 'ಇದೇ ಇರಲಿ' ಎಂದ.

"ಹೆಂಡತಿ ಕೇಳಿದಳು: 'ಮೂಲೆಯಲ್ಲಿ ಕೂರುವುದು ಹಗುರವಾದರೇನು, ಭಾರವಾದರೇನು? ಕಂಕುಳಲ್ಲಿಟ್ಟುಕೊಂಡು ಬೀಗರ ಮನೆಗೆ ಹೋಗುತ್ತೀರಾ?'

"'ನಿನಗೆ ಬ್ಯಾಟರಿ ವಿಷಯ ತಿಳಿಯುವುದಿಲ್ಲ, ಸುಮ್ಮನಿರೇ' ಎಂದ ರೈತ, ಸೊಂಟ ನೀವಿಕೊಳ್ಳುತ್ತ.

"ಸೀಸದ್ದನ್ನು ನಾಳೆ ಒಯ್ಯುತ್ತೇನೆಂದು ವ್ಯಾಪಾರಿ ಹೊರಟ. ಇಳಿಸಲು ನಾಲ್ವರು ಬಂದಿದ್ದರು, ಏರಿಸಲು ಒಬ್ಬನೂ ಸಿಗಲಿಲ್ಲ. ಆ ನಾಳೆ ಬರಲೇ ಇಲ್ಲ. ಹೆಂಡತಿ ಅದಕ್ಕೆ ನೀರು ಕುಡಿಸಿ, ಆಗೀಗ ಚಾರ್ಜಿಗೆ ಹಾಕುತ್ತಿದ್ದಳು.

"ಹತ್ತೊಂಬತ್ತನೆಯ ದಿನ, ಗಂಡಹೆಂಡಿರು ಹೊಲದಲ್ಲಿದ್ದಾಗ ಕಳ್ಳ ಬಂದ. ಅವನೂ ಎರಡನ್ನೂ ಎತ್ತಿ ನೋಡಿದ. ಅವನೂ ಸೊಂಟ ನೀವಿಕೊಂಡ. ಅದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಲಿಥಿಯಂ ಅನ್ನು ಕಂಕುಳಲ್ಲಿಟ್ಟುಕೊಂಡು ನಡೆದ.

"ಕತ್ತಲಾದ ಮೇಲೆ ಇವರು ಮನೆಗೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಪೆಟ್ಟಿಗೆ ತಣ್ಣಗಾಗತೊಡಗಿತು. ರೈತ ತಲೆಯ ಮೇಲೆ ಕೈಹೊತ್ತು ಕೂತ. ಹೆಂಡತಿ ಮೂಲೆಗೆ ಹೋದಳು. ಜೋತಾಡುತ್ತಿದ್ದ ಎರಡು ತಂತಿಗಳನ್ನು ಸೀಸದ ಬ್ಯಾಟರಿಗೆ ಸಿಕ್ಕಿಸಿದಳು. ಪೆಟ್ಟಿಗೆಯ ದೀಪ ಹೊತ್ತಿತು. ಇಪ್ಪತ್ತೊಂದನೆಯ ದಿನ ಮನೆ ತುಂಬ ಚಿಂವ್ ಚಿಂವ್. ಇನ್ನೂರ ಮೂರು ಮರಿ!"

"ಮೊಟ್ಟೆ ಇನ್ನೂರೇ ಅಲ್ಲವೇ, ಬುದ್ಧೀ?"

"ಕಾವು ಅಷ್ಟು ಚೆನ್ನಾಗಿತ್ತು" ಎಂದರು ಗುರು.

ಶಿಷ್ಯ ನಕ್ಕು, ಹೆಗಲ ಮೇಲೆ ಚೀಲ ಏರಿಸಿ ಎದ್ದ. "ಅರ್ಥವಾಯಿತು. ಭಾರವಾದ ಸೀಸದ್ದೇ ಶ್ರೇಷ್ಠ. ಈಗಲೇ ಹೋಗಿ ತರುತ್ತೇನೆ."

ಗುರು ಹೇಳಿದರು: "ಅವಸರ ಬೇಡಪ್ಪ, ಆ ಕಳ್ಳನನ್ನೂ ಒಂದು ಮಾತು ಕೇಳಿಕೊಂಡು ಹೋಗು."