ತೂಕಕ್ಕೆ ಮುಂಚೆ ಮುರಿದ ಬೆಲ್ಲ

"ಒಂದು ಮಂಡಲದೊಳಗೆ ಎರಡು ಮಣ ಇಳಿಸಬೇಕು ಗುರುಗಳೇ. ಯಾವ ಉಪವಾಸ ಹಿಡಿಯಲಿ?"

ಕೇಳಿದವನು ಕೊಟ್ರಪ್ಪ, ಬಟ್ಟೆಯ ವ್ಯಾಪಾರಿ. ಮೈ ಬೆಳೆದು, ತನ್ನ ಅಂಗಡಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೆ ಉಸಿರು ಕಟ್ಟುತ್ತಿತ್ತು. ಮಂಡಲವೆಂದರೆ ನಲವತ್ತೆಂಟು ದಿನ. ಎರಡು ಮಣವೆಂದರೆ ಎಂಬತ್ತು ಕಚ್ಚಾ ಸೇರು, ಏಳು ವರ್ಷದ ಹುಡುಗನೊಬ್ಬನ ತೂಕ. ಲೆಕ್ಕವನ್ನೆಲ್ಲ ಮನೆಯಲ್ಲೇ ಹಾಕಿಕೊಂಡು ಬಂದಿದ್ದ. ಗುರುಗಳಿಂದ ಬೇಕಾಗಿದ್ದುದು ಅಪ್ಪಣೆಯೊಂದೇ.

ಗುರುಗಳು ಕಾವಿ ಉಡುವ ಮುಂಚೆ ಮೂವತ್ತು ವರ್ಷ ಪೇಟೆಯಲ್ಲಿದ್ದವರು. ಅವರು ಯಾವ ಉಪವಾಸದ ಹೆಸರನ್ನೂ ಹೇಳಲಿಲ್ಲ. "ಕೂತುಕೋ," ಎಂದರು. ಕೊಟ್ರಪ್ಪ ಗೋಡೆ ಹಿಡಿದುಕೊಂಡು ಕೂತ. ಗುರುಗಳು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಹೆಸರು ತಂದದ್ದು ವ್ಯಾಪಾರಕ್ಕಿಂತ ಅವನ ನಾಲಿಗೆ. ಗಾಡಿಗಳಿಂದ ಇಳಿಸಿದ ಬೆಲ್ಲದ ಅಚ್ಚುಗಳನ್ನು ಪೇಟೆಯ ಅಂಗಳದಲ್ಲಿ ರಾಶಿ ಹಾಕುತ್ತಿದ್ದರು. ಅವನು ಒಂದೊಂದು ರಾಶಿಯ ಮುಂದೆಯೂ ನಿಂತು, ತನಗೆ ಬೇಕಾದ ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ದರ್ಜೆ ಹೇಳುತ್ತಿದ್ದ. ಇದು ಮೊದಲನೆಯದು. ಇದಕ್ಕೆ ಸುಣ್ಣ ಹೆಚ್ಚಾಗಿದೆ. ಇದರ ಪಾಕ ಒಲೆಯ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿದೆ. ಬೆಳೆದವನಾಗಲಿ ಕೊಳ್ಳುವವನಾಗಲಿ ಆ ಮಾತಿಗೆ ಎದುರಾಡುತ್ತಿರಲಿಲ್ಲ.

ಹೀಗೆ ಹದಿನೈದು ವರ್ಷ ನಡೆಯಿತು. ನಾಲಿಗೆಯ ಹೆಸರಿನ ಜೊತೆಗೆ ಮೈಯೂ ಬೆಳೆಯುತ್ತ ಹೋಗಿ, ತೂಕ ಹತ್ತು ಮಣಕ್ಕೆ ಬಂದು ನಿಂತಿತು. ಮಂಡಿಗಳು ಸೋತವು. ಅವನು ಜಗಲಿಯ ಗಾದಿಯ ಮೇಲೆ ಕೂತು, ಮಾದರಿಯನ್ನು ಅಲ್ಲಿಗೇ ತರಿಸಿಕೊಂಡು ದರ್ಜೆ ಹೇಳತೊಡಗಿದ.

ಪೇಟೆಯವರು ಒಂದು ವರ್ಷ ಸಹಿಸಿದರು. ಕೂತವನಿಗೆ ತಂದುಕೊಡುವ ಮಾದರಿ ರಾಶಿಯ ಅತಿ ಒಳ್ಳೆಯ ಅಚ್ಚಿನದೇ ಆಗಿರುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ದೀಪಾವಳಿಗೆ ಹೊಸ ಬೆಲ್ಲ ಬರತೊಡಗಿದಾಗ ಪೇಟೆಯ ಹಿರಿಯರು ಗಾದಿಯ ಮುಂದೆ ಬಂದು ನಿಂತರು.

"ಸಾಹುಕಾರ್ರೇ, ಬೇಜಾರು ಮಾಡ್ಕೋಬೇಡಿ. ದರ್ಜೆ ಹೇಳುವವರು ರಾಶಿಯ ಹತ್ತಿರ ಹೋಗಬೇಕು. ರಾಶಿ ಎದ್ದು ನಿಮ್ಮ ಹತ್ತಿರ ಬರೋದಿಲ್ಲ. ಮುಂದಿನ ದೀಪಾವಳಿವರೆಗೆ ನೋಡ್ತೀವಿ. ಅಷ್ಟರಲ್ಲಿ ನೀವು ಎದ್ದು ಓಡಾಡಿದರೆ ಸರಿ. ಇಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ."

ವ್ಯಾಪಾರಿಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ಆದರೆ ಆ ಕೆಲಸ ಹೋದರೆ ತಾನು ಪೇಟೆಯ ಸಾವಿರ ಜನರಲ್ಲಿ ಒಬ್ಬ ದಪ್ಪ ಮನುಷ್ಯ, ಅಷ್ಟೇ. ಅದೂ ಅವನಿಗೆ ತಿಳಿಯಿತು.

ವ್ಯಾಪಾರಿಯ ಬುದ್ಧಿ ವ್ಯಾಪಾರಿಯದೇ. ಮೈಯ ಹಳೆಯ ದಾಸ್ತಾನನ್ನು ಒಂದೇ ಸಲಕ್ಕೆ ಖಾಲಿ ಮಾಡಿಬಿಡಬೇಕು ಎಂದು ಲೆಕ್ಕ ಹಾಕಿದ. ಬರಿಯ ನಿಂಬೆ ನೀರು ಕುಡಿದು ಇಪ್ಪತ್ತೊಂದು ದಿನ ಕಳೆದ. ಅಂಗಳದ ದೊಡ್ಡ ತಕ್ಕಡಿಯಲ್ಲಿ ಹಮಾಲಿಗಳು ಅವನನ್ನು ಕೂರಿಸಿ ತೂಗಿದರು. ಇಪ್ಪತ್ತೈದು ಸೇರು ಇಳಿದಿತ್ತು. ಅವನು ಹಮಾಲಿಗಳಿಗೆಲ್ಲ ಎಲೆ ಅಡಿಕೆ ಕೊಡಿಸಿದ. ಅಂದು ಮಧ್ಯಾಹ್ನವೇ, ಸುಣ್ಣ ಮಿತಿ ಮೀರಿದ್ದ ಬೆಲ್ಲವೊಂದನ್ನು ಮೊದಲ ದರ್ಜೆ ಎಂದುಬಿಟ್ಟ. ಹಸಿದ ನಾಲಿಗೆಗೆ ಎಲ್ಲವೂ ಅಮೃತವಾಗಿತ್ತು. ಆ ಬೆಲ್ಲ ತಂದಿದ್ದ ರೈತನೇ ನಕ್ಕುಬಿಟ್ಟ.

ಹದಿನೈದು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು. ಅವನು ಹೆದರಿ ಉಪವಾಸ ಬಿಟ್ಟ. ಬಿಟ್ಟ ಮೇಲೆ ಊಟಕ್ಕೆ ಕೂತರೆ ಏಳುವುದೇ ಕಷ್ಟವಾಯಿತು. ಸಂಕ್ರಾಂತಿಯ ಹೊತ್ತಿಗೆ ಹೋದ ಇಪ್ಪತ್ತೈದು ಸೇರೂ ಬಂದು ಸೇರಿತು. ಮೇಲೆ ಐದು ಸೇರು ಹೆಚ್ಚಿಗೆ ಬಂತು.

ಆಮೇಲೆ ನಡಿಗೆ ಹಿಡಿದ. ದಿನಕ್ಕೆ ಗುಡಿಯ ಸುತ್ತ ನೂರೆಂಟು ಸುತ್ತು. ಮೊದಲ ಸುತ್ತಿನಿಂದಲೇ ಉಳಿದ ನೂರೇಳನ್ನು ಎಣಿಸುತ್ತ, ಯಾರ ಮೇಲೋ ಸಿಟ್ಟಾದವನಂತೆ ನಡೆದ. ಹನ್ನೊಂದನೆಯ ದಿನ ಮಂಡಿಗಳು ಊದಿಕೊಂಡವು. ಅದನ್ನೂ ಬಿಟ್ಟ.

ಕೊನೆಗೆ ಮನೆಯ ಊಟಕ್ಕೆ ಕತ್ತರಿ ಹಾಕಿದ. ಮೂರು ರೊಟ್ಟಿಯ ಜಾಗದಲ್ಲಿ ಒಂದೇ ರೊಟ್ಟಿ. ತುಪ್ಪವಿಲ್ಲ, ಪಲ್ಯವೂ ಒಂದು ಚಮಚ. ಹೆಂಡತಿ ತಟ್ಟೆ ನೋಡಿ ಕಣ್ಣೀರು ಹಾಕಿದಳು. ಆದರೂ ಯುಗಾದಿ ಕಳೆದ ಮೇಲೆ ತೂಗಿದಾಗ ತಕ್ಕಡಿಯ ಮುಳ್ಳು ಹತ್ತು ಮಣ ಐದು ಸೇರಿನಿಂದ ಕದಲಿರಲಿಲ್ಲ.

ತಕ್ಕಡಿ ಹಿಡಿದಿದ್ದವನು ಹಮಾಲಿಗಳ ಹಿರಿಯ. ಅರವತ್ತು ದಾಟಿದ್ದರೂ ಮೂಟೆ ಹೊರುತ್ತಿದ್ದ.

"ಒಂದೇ ರೊಟ್ಟಿ ತಿಂತೀನಪ್ಪ, ಒಂದೇ," ಎಂದ ವ್ಯಾಪಾರಿ. "ನಿನ್ನ ತಕ್ಕಡಿಗೆ ಕಣ್ಣಿಲ್ಲ."

"ಕಣ್ಣಿದ್ದಿದ್ರೆ ನೀವು ಹತ್ತೋಕೆ ಬಂದಾಗಲೇ ಅದು ಓಡಿಹೋಗ್ತಿತ್ತು ಧಣಿ. ಅದಿರಲಿ, ಮಾದರಿ ಎಷ್ಟು ತಿಂತೀರಿ?"

"ಮಾದರಿ ತಿನ್ನೋದಲ್ಲಯ್ಯ, ನೋಡೋದು."

"ನೋಡಿದ್ದು ಆಮೇಲೆ ಎಲ್ಲಿಗೆ ಹೋಗುತ್ತೆ?"

ಬೆಲ್ಲದ ಪೇಟೆಯಲ್ಲಿ ಒಂದು ಪದ್ಧತಿ ಇದೆ. ಮಾದರಿಯನ್ನು ಮುರಿಯುವುದು ತೂಕಕ್ಕೆ ಮುಂಚೆ. ಹಾಗಾಗಿ ಅದು ಮಾರುವವನ ತೂಕಕ್ಕೂ ಸೇರುವುದಿಲ್ಲ, ಕೊಳ್ಳುವವನ ತೂಕಕ್ಕೂ ಸೇರುವುದಿಲ್ಲ. ಅದರ ಜೊತೆಗೆ ರೈತರು ಮರ್ಯಾದೆಗೆಂದು ಇಡುವ ಹಿಡಿ ಹುರಿದ ಶೇಂಗಾ ಕೂಡ ಹಾಗೆಯೇ. ತೂಗದ್ದು ಇಲ್ಲದ್ದಕ್ಕೆ ಸಮ ಎಂದು ಆ ವ್ಯಾಪಾರಿ ಹದಿನೈದು ವರ್ಷ ನಂಬಿದ್ದ. ಉಪವಾಸದ ಇಪ್ಪತ್ತೊಂದು ದಿನ ಮಾತ್ರ ಮಾದರಿಯನ್ನು ನಾಲಿಗೆಗೆ ಮುಟ್ಟಿಸಿ ಉಗುಳಿದ್ದ. ಉಳಿದ ದಿನಗಳಲ್ಲಿ ಒಂದು ಚೂರನ್ನೂ ಹಾಳು ಮಾಡಿದವನಲ್ಲ.

ಹಮಾಲಿ ಒಂದು ಖಾಲಿ ಮಡಕೆ ತಂದು ಗಾದಿಯ ಪಕ್ಕ ಇಟ್ಟ. "ಇವತ್ತೊಂದು ದಿನ ಒಂದು ಕಾಳಿನಷ್ಟು ನಾಲಿಗೆಗೆ ಹಾಕ್ಕೊಳ್ಳಿ. ನುಂಗಬೇಕು ಅಂತಿದ್ದದ್ದನ್ನ ಇದಕ್ಕೆ ಹಾಕಿ."

ಸಂಜೆ ಮಡಕೆಯನ್ನು ತೂಗಿದರು. ಮಡಕೆಯ ತೂಕ ಕಳೆದು ಬೆಲ್ಲ, ಶೇಂಗಾ ಸೇರಿ ಒಂದೂವರೆ ಸೇರು.

ವ್ಯಾಪಾರಿ ಮಡಕೆಯೊಳಗೆ ಕೈ ಹಾಕಿ ಬೆಲ್ಲವನ್ನು ಎತ್ತಿ ನೋಡಿದ. ಆರು ಜನರಿರುವ ಅವನ ಮನೆಗೆ ಅದು ವಾರದ ಬೆಲ್ಲ.

"ಹದಿನೈದು ವರ್ಷದಿಂದ ದಿನಾ ಇಷ್ಟು?" ಎಂದ.

"ದಿನಾ ಅಲ್ಲ ಧಣಿ. ಅಮಾವಾಸ್ಯೆಗೆ ಪೇಟೆ ರಜಾ."

"ಹಾಗಾದರೆ ನಾಳೆಯಿಂದ ಇದೂ ಬೇಡ, ಅನ್ನವೂ ಬೇಡ. ಒಂದೇ ತಿಂಗಳಲ್ಲಿ ಎಲ್ಲ ಮುಗಿಸಿಬಿಡ್ತೀನಿ."

"ಚಿಲ್ಲರೆಯಾಗಿ ಬಂದದ್ದು. ಚಿಲ್ಲರೆಯಾಗಿಯೇ ಕಳಿಸಿ," ಎಂದ ಹಮಾಲಿ. "ಸಗಟು ವ್ಯಾಪಾರ ಮಾಡಿ ಒಂದು ಸಲ ನೋಡಿದಿರಲ್ಲ."

ವ್ಯಾಪಾರಿಗೆ ಆ ಮಾತು ನಾಟಿತು, ಏಕೆಂದರೆ ಅದು ಅವನದೇ ಭಾಷೆಯಲ್ಲಿತ್ತು. ಮರುದಿನದಿಂದ ಮಾದರಿ ಕಾಳಿನಷ್ಟೇ ಆಯಿತು. ಉಳಿದದ್ದು ಮಡಕೆಗೆ ಬಿದ್ದು, ಮಧ್ಯಾಹ್ನ ಹಮಾಲಿಗಳಿಗೆ ಪಾನಕವಾಯಿತು. ಇತ್ತ ಮನೆಯಲ್ಲಿ ಅವನು ಊಟವನ್ನು ಹೆಚ್ಚಿಸಿದ. ಎರಡು ರೊಟ್ಟಿ, ತಟ್ಟೆಯ ಅರ್ಧ ತುಂಬುವಷ್ಟು ಸೊಪ್ಪು ಮತ್ತು ಪಲ್ಯ, ಒಂದು ಬಟ್ಟಲು ಹೆಸರುಕಾಳು, ಮಜ್ಜಿಗೆ. ಹೊತ್ತಿಗೆ ಸರಿಯಾಗಿ ಹಸಿವು ಬಂತು. ಹೊಟ್ಟೆ ತುಂಬಿದಾಗ ತಿಳಿಯಿತು. ಹೋಳಿಗೆಯ ದಿನ ಹೋಳಿಗೆಯನ್ನೂ ತಿಂದ. ಎರಡೇ ತಿಂದ, ಆದರೆ ಆತುರವಿಲ್ಲದೆ ಕೂತು ತಿಂದ. ಹೆಂಡತಿ ಅವನು ತಟ್ಟೆಯ ಮುಂದೆ ಮಾತಾಡುವುದನ್ನು ಬಹಳ ವರ್ಷದ ಮೇಲೆ ಕೇಳಿದಳು.

ನಡಿಗೆಯೊಂದು ಉಳಿದಿತ್ತು. ನಡಿಗೆಯ ಹೆಸರೆತ್ತಿದರೆ ಅವನ ಮುಖ ಗಂಟಿಕ್ಕುತ್ತಿತ್ತು.

"ನಡೀಬೇಡಿ ಬಿಡಿ," ಎಂದ ಹಮಾಲಿ. "ಈಜು ಬರುತ್ತಾ?"

"ಹುಡುಗನಾಗಿದ್ದಾಗ ಬರ್ತಿತ್ತು."

"ಅದು ಮೈಗೆ ಮರೆತುಹೋಗೋ ವಿದ್ಯೆ ಅಲ್ಲ. ಬನ್ನಿ."

ಪೇಟೆಯ ಹಿಂದೆ ಒಂದು ಮೆಟ್ಟಿಲ ಬಾವಿ ಇತ್ತು. ಕೆಲಸ ಮುಗಿದ ಮೇಲೆ, ಬಿಸಿಲು ಇನ್ನೂ ಇರುವಾಗಲೇ ಹಮಾಲಿಗಳು ಅಲ್ಲಿ ಮೀಯುತ್ತಿದ್ದರು. ವ್ಯಾಪಾರಿ ಗಾಡಿಯಲ್ಲಿ ಬಂದು, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಮೆಟ್ಟಿಲು ಇಳಿದ. ಅವನು ನೀರಿಗೆ ಬಿದ್ದಾಗ ಒಬ್ಬ ಹಮಾಲಿ ಮೇಲಿನಿಂದ ಕೂಗಿದ: "ಮೇಲಿನ ಹೊಲದವರಿಗೆ ಹೇಳ್ರೋ, ಇವತ್ತು ಏತ ಬೇಕಾಗಿಲ್ಲ, ನೀರು ತಾನೇ ಹತ್ತುತ್ತೆ."

ಎಲ್ಲರೂ ನಕ್ಕರು. ಸ್ವಲ್ಪ ತಡವಾಗಿ ವ್ಯಾಪಾರಿಯೂ ನಕ್ಕ, ಏಕೆಂದರೆ ಅಷ್ಟರಲ್ಲಿ ಅವನಿಗೆ ಬೇರೊಂದು ವಿಷಯ ತಿಳಿದಿತ್ತು. ನೀರಿನಲ್ಲಿ ಅವನ ಮಂಡಿ ನೋಯುತ್ತಿರಲಿಲ್ಲ. ಹತ್ತು ಮಣದ ಮೈಯನ್ನು ನೀರು ಹೊತ್ತುಕೊಂಡಿತ್ತು. ಕೈ ಬೀಸಿದರೆ ಮುಂದೆ ಹೋಗುತ್ತಿದ್ದ. ಅಂದು ಬಾವಿಯನ್ನು ಅಡ್ಡಲಾಗಿ ಒಂದು ಸಲ ದಾಟಿದ. ವಾರದ ಮೇಲೆ ಆರು ಸಲ ದಾಟಿದ. ಎಷ್ಟು ಸಲ ಎಂದು ಎಣಿಸುವುದನ್ನು ಬಿಟ್ಟದ್ದು ಅದಾದ ಮೇಲೆ. ಹಮಾಲಿಗಳ ಜೊತೆ ಪಂದ್ಯ ಕಟ್ಟಿ ಸೋಲುತ್ತಿದ್ದ. ಸೋತರೂ ಮರುದಿನ ಮೊದಲು ಬರುವವನು ಅವನೇ. ಒಂದು ದಿನ ಗಾಡಿ ತಡವಾಯಿತು. ಕಾಯುವ ತಾಳ್ಮೆಯಿಲ್ಲದೆ ನಡೆದೇ ಬಾವಿಗೆ ಬಂದ. ನೀರಿಗೆ ಇಳಿದ ಮೇಲೆಯೇ ತಾನು ನಡೆದು ಬಂದೆ ಎಂಬುದು ಅವನಿಗೆ ನೆನಪಾದದ್ದು. ಆಮೇಲೆ ಗಾಡಿ ಕಟ್ಟಿಸಲಿಲ್ಲ.

ಸೋಮವಾರಕ್ಕೊಮ್ಮೆ ತೂಗಿಸಿಕೊಳ್ಳುತ್ತಿದ್ದ. ಒಂದು ವಾರ ಒಂದು ಸೇರು, ಒಂದು ವಾರ ಎರಡು ಸೇರು, ಒಂದೊಂದು ವಾರ ಏನೂ ಇಲ್ಲ. ಶ್ರಾವಣದ ಹಬ್ಬಗಳಲ್ಲಿ ತೂಕ ಮೂರು ಸೇರು ಮೇಲಕ್ಕೇ ಹೋಯಿತು. ಅಂದು ಮನೆಗೆ ಹೋಗುವಾಗ ನಿಂಬೆಹಣ್ಣಿನ ಅಂಗಡಿಯ ಮುಂದೆ ಅವನ ಕಾಲು ನಿಂತಿತು. ಅವನು ತನ್ನೊಳಗೇ ಮಾತಾಡಿಕೊಂಡ. ಮಳೆ ಬಂದು ಒಂದು ವಾರ ಗಿರಾಕಿ ಬಾರದಿದ್ದರೆ ನಾನು ಅಂಗಡಿ ಮಾರುತ್ತೇನೆಯೇ? ನಿಂಬೆಹಣ್ಣು ಕೊಳ್ಳದೆ ಮುಂದೆ ನಡೆದ. ಮರುದಿನ ಸಂಜೆ ಬಾವಿಯಲ್ಲಿದ್ದ.

ದೀಪಾವಳಿ ಬಂತು. ಅಂಗಳದಲ್ಲಿ ಹೊಸ ಬೆಲ್ಲದ ನಲವತ್ತು ರಾಶಿ ಬಿದ್ದವು. ಪೇಟೆಯ ಹಿರಿಯರು ಬಂದು ನಿಂತರು. ಅವನನ್ನು ಕಂಡು ಅವರ ಮುಖ ಅರಳಲೇನೂ ಇಲ್ಲ. ಒಂಬತ್ತು ಮಣ ಹತ್ತು ಸೇರಿನ ಮನುಷ್ಯ ನೋಡುವವರ ಕಣ್ಣಿಗೆ ದಪ್ಪ ಮನುಷ್ಯನೇ.

"ಹಾಗೇ ಇದ್ದೀರಲ್ಲ ಸಾಹುಕಾರ್ರೇ," ಎಂದ ಒಬ್ಬ ಹಿರಿಯ.

"ಹಾಗೇ ಇದ್ದೀನಿ. ಬನ್ನಿ, ರಾಶಿ ನೋಡೋಣ," ಎಂದು ವ್ಯಾಪಾರಿ ಜಗಲಿ ಇಳಿದ.

ಮೊದಲ ರಾಶಿಯ ಮುಂದೆ ಬಗ್ಗಿದ, ಅಡಿಯ ಸಾಲಿನ ಅಚ್ಚನ್ನು ಎಳೆದು ಮೂಲೆ ಮುರಿದ, ಕಾಳಿನಷ್ಟು ಬಾಯಿಗೆ ಹಾಕಿಕೊಂಡ. ದರ್ಜೆ ಹೇಳಿ ಮುಂದೆ ನಡೆದ. ಹತ್ತು ರಾಶಿ ಮುಗಿಯಿತು, ಇಪ್ಪತ್ತು ಮುಗಿಯಿತು. ಇಪ್ಪತ್ತಾರನೆಯದರ ಹತ್ತಿರ ರಾಶಿಯ ಮೇಲೆ ಕೈಯೂರಿ ನಾಲ್ಕು ಉಸಿರು ನಿಂತ. ಮುಂದೆ ನಡೆದ. ಮೂವತ್ತಮೂರನೆಯ ರಾಶಿಯಲ್ಲಿ ಬೆಲ್ಲ ನಾಲಿಗೆಗೆ ತಾಗಿದ ಕೂಡಲೇ ಹುಬ್ಬು ಗಂಟಾಯಿತು.

"ಇದು ಈ ವರ್ಷದ್ದಲ್ಲ. ಹೋದ ವರ್ಷದ ಬೆಲ್ಲ ಕರಗಿಸಿ ಹೊಸ ಅಚ್ಚು ಹೊಯ್ದಿದ್ದಾರೆ. ಮೇಲಿನ ಸಾಲು ಮಾತ್ರ ಹೊಸದು."

ರಾಶಿಯ ಒಡೆಯ ನೆಲ ನೋಡಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾದಿಯ ಮೇಲೆ ಕೂತವನಿಗೆ ಮೇಲಿನ ಸಾಲಿನ ಮಾದರಿಯೇ ಬರುತ್ತಿತ್ತು. ದಿನವಿಡೀ ಸಿಹಿಯಲ್ಲಿ ಮುಳುಗಿದ್ದ ಹಿಂದಿನ ನಾಲಿಗೆ ಹಳೆಯದರಿಂದ ಹೊಸದನ್ನು ಇಷ್ಟು ಬೇಗ ಬೇರೆ ಮಾಡುತ್ತಿತ್ತೋ ಇಲ್ಲವೋ. ವ್ಯಾಪಾರಿ ಉಳಿದ ಏಳು ರಾಶಿಯನ್ನೂ ನೋಡಿ ಮುಗಿಸಿದ. ಕೆಲಸ ಬೇರೆಯವರಿಗೆ ಹೋಗಲಿಲ್ಲ. ಬಿಸಿಲಿರುವಾಗಲೇ ಅವನು ಬಾವಿಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಅವನಿಗೆ ಸಮಾಧಾನವಾಗಲಿಲ್ಲ.

"ಏಳು ತಿಂಗಳಿಗೆ ಮೂವತ್ತೈದು ಸೇರು. ಒಂದು ಮಣವೂ ತುಂಬಲಿಲ್ಲ ಗುರುಗಳೇ. ಹೋದ ವರ್ಷ ಬರೀ ಹಾಲು ಕುಡಿದು ನಾನು ಒಂದೇ ಮಂಡಲದಲ್ಲಿ ಇಷ್ಟು ಇಳಿಸಿದ್ದೆ."

ಗುರುಗಳು ಕೊಟ್ರಪ್ಪನ ಹೊಟ್ಟೆಯ ಕಡೆಗೊಮ್ಮೆ ನೋಡಿದರು.

"ಅವನದು ಇಳಿದು ಹನ್ನೆರಡು ವರ್ಷವಾಯಿತು ಕೊಟ್ರಪ್ಪ, ಆಗ ಹೋದದ್ದು ಮೂವತ್ತೈದು ಸೇರು, ಇವತ್ತಿಗೂ ಅದರಲ್ಲಿ ಒಂದು ಸೇರೂ ವಾಪಸ್ ಬಂದಿಲ್ಲ."