ಎಲ್ಲವನ್ನೂ ಕೇಳುವ ಮೈಕು

ರೆಕಾರ್ಡಿಂಗ್ ಕೋಣೆಯಿಂದ ಬಂದ ಹೊಸ ಮೈಕು ಯಕ್ಷಗಾನದ ರಂಗಸ್ಥಳ ಏರಿತು. "ಇರುವೆ ನಡೆದರೂ ನನಗೆ ಕೇಳುತ್ತದೆ. ಕಿವುಡಾ, ಜಾಗ ಬಿಡು" ಎಂದು ಹಳೆಯ ಮೈಕನ್ನು ಗದರಿತು.

"ನನಗೆ ಎದುರಿಗಿದ್ದವರ ಹಾಡು ಮಾತ್ರ ಕೇಳುತ್ತದೆ. ಇಲ್ಲಿಗೆ ಅಷ್ಟು ಸಾಕು" ಎಂದು ಹಳೆಯದು ಸರಿಯಿತು.

ಭಾಗವತರು ಪದ ಎತ್ತಿದರು. ಹೊಸ ಮೈಕಿಗೆ ಪದ ಕೇಳಿತು, ಚೆಂಡೆ ಕೇಳಿತು, ಕೊನೆಗೆ ಸ್ಪೀಕರಿನಲ್ಲಿ ತನ್ನದೇ ದನಿ ಕೇಳಿತು. ಮರುಳಾಗಿ ಅದನ್ನೇ ಹಿಡಿದು ಮತ್ತೆ ಸ್ಪೀಕರಿಗೆ ಕಳಿಸಿತು. ಅದು ಇನ್ನೂ ದೊಡ್ಡದಾಗಿ ಮರಳಿ ಬಂತು. ಕುಂಯ್ ಎಂಬ ಕೂಗು ಏರುತ್ತಲೇ ಹೋಯಿತು. ವೇಷಧಾರಿ ಹೆಜ್ಜೆ ತಪ್ಪಿದ. ಭಾಗವತರು ಕಿವಿ ಮುಚ್ಚಿಕೊಂಡು, "ಇದನ್ನು ತೆಗೀರಿ ಮಾರಾಯ್ರೆ" ಎಂದರು.

ಪೆಟ್ಟಿಗೆ ಸೇರಿದ ಹೊಸ ಮೈಕು, "ಅಷ್ಟು ಚೆಂದದ ಪದದ ನಡುವೆ ಕಿರುಚಿದ್ದು ಯಾರು?" ಎಂದಿತು.

ಹಳೆಯ ಮೈಕಿಗೆ ಅದು ಕೇಳಿಸಲಿಲ್ಲ. ಅದರೆದುರು ಭಾಗವತರು ಆಗಲೇ ಪದ ಎತ್ತಿದ್ದರು.